ತೇಲುವ ಟ್ರೆಮೊಲೊ ಮತ್ತು ಬದಲಾಗುವ ಶ್ರುತಿ

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಬುಡವನ್ನು ಹಿಡಿದಿರುವ ಬ್ರಿಡ್ಜನ್ನು ಅಲುಗದಂತೆ ಕೂರಿಸುವುದು ಒಂದು ಪದ್ಧತಿ. ಅದನ್ನು ಕೀಲಿನ ಮೇಲೆ ನಿಲ್ಲಿಸಿ, ಸಣ್ಣದೊಂದು ಸರಳಿನಿಂದ ಹಿಂದಕ್ಕೂ ಮುಂದಕ್ಕೂ ವಾಲಿಸಲು ಬರುವಂತೆ ಮಾಡುವುದು ಇನ್ನೊಂದು. ಈ ಎರಡನೆಯ ಏರ್ಪಾಟಿಗೆ ಗಿಟಾರ್ ವಾದಕರಲ್ಲಿ ಟ್ರೆಮೊಲೊ ಎಂಬ ಹೆಸರು ನಿಂತಿದೆ. ಸರಳನ್ನು ಒತ್ತಿದಾಗ ತಂತಿಗಳು ಸಡಿಲಗೊಂಡು ಸ್ವರ ಇಳಿಯುತ್ತದೆ, ಎತ್ತಿದಾಗ ಬಿಗಿಗೊಂಡು ಏರುತ್ತದೆ. ಬ್ರಿಡ್ಜ್ ಗಿಟಾರಿನ ಮೈಗೆ ಎಲ್ಲಿಯೂ ಒರಗದೆ, ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಮೈಯ ಹಿಂಬದಿಯ ಪೊಟರೆಯಲ್ಲಿ ಕೂತ ಸ್ಪ್ರಿಂಗ್‌ಗಳ ಎಳೆತ, ಇವೆರಡರ ನಡುವೆಯೇ ನಿಂತಿದ್ದರೆ ಅದು ತೇಲುವ ಟ್ರೆಮೊಲೊ. ಇಂಥ ವಾದ್ಯವನ್ನು ಇ-ಎ-ಡಿ-ಜಿ-ಬಿ-ಇ ಎಂಬ ರೂಢಿಯ ಶ್ರುತಿಯಿಂದ ಬೇರೊಂದು ಶ್ರುತಿಗೆ ತಂದು, ಮತ್ತೆ ಮೊದಲಿನದಕ್ಕೆ ಮರಳಿಸಿ, ಈ ನಡುವೆ ತೇಲುವ ಗುಣವನ್ನೂ ಕಳೆದುಕೊಳ್ಳದಿರುವುದು ಸಾಧ್ಯವೇ ಎಂಬ ಪ್ರಶ್ನೆಗೆ ಏಳು ದಶಕಗಳಿಂದ ತಯಾರಕರೂ ವಾದಕರೂ ರಿಪೇರಿಗಾರರೂ ಬೇರೆಬೇರೆ ಉತ್ತರಗಳನ್ನು ಕೊಡುತ್ತ ಬಂದಿದ್ದಾರೆ.

ಈ ಉತ್ತರಗಳು ಒಂದಕ್ಕೊಂದು ತಾಳೆಯಾಗದಿರಲು ಮುಖ್ಯ ಕಾರಣ, 'ಸ್ಥಿರತೆ' ಎಂಬ ಒಂದೇ ಮಾತಿನಡಿ ಎರಡು ಬೇರೆ ಸಮಸ್ಯೆಗಳು ಸೇರಿಕೊಂಡಿರುವುದು. ಸರಳನ್ನು ಬಿಟ್ಟ ಮೇಲೆ ಬ್ರಿಡ್ಜ್ ಮೊದಲಿದ್ದ ಬಿಂದುವಿಗೇ ಮರಳುತ್ತದೆಯೇ ಎಂಬುದು ಒಂದು. ತಂತಿಗಳ ಒಟ್ಟು ಎಳೆತ ಬದಲಾದಾಗ ಆ ಬಿಂದುವೇ ಜಾರದೆ ಉಳಿಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದು ಘರ್ಷಣೆಯ ಪ್ರಶ್ನೆ, ಎರಡನೆಯದು ಸಮತೋಲದ ಪ್ರಶ್ನೆ. ಮಾರುಕಟ್ಟೆಯಲ್ಲಿ 'ಶ್ರುತಿ ಕೆಡದು' ಎಂಬ ಭರವಸೆಯೊಂದಿಗೆ ಮಾರಾಟವಾಗುವ ಸಾಧನಗಳಲ್ಲಿ ಹೆಚ್ಚಿನವು ಮೊದಲನೆಯದಕ್ಕಷ್ಟೇ ಪರಿಹಾರ.

ಸಮತೋಲದ ಲೆಕ್ಕ

ತೇಲುವ ಬ್ರಿಡ್ಜ್ ವಾಸ್ತವವಾಗಿ ಒಂದು ತಕ್ಕಡಿ: ಒಂದು ತಟ್ಟೆಯಲ್ಲಿ ಆರು ತಂತಿಗಳು ಒಟ್ಟಾಗಿ, ಇನ್ನೊಂದರಲ್ಲಿ ಮೂರರಿಂದ ಐದು ಸ್ಪ್ರಿಂಗ್‌ಗಳು. ಇಂಚಿನ ಸಾವಿರ ಭಾಗಗಳಲ್ಲಿ ಹತ್ತರಿಂದ ನಲವತ್ತಾರು ಭಾಗದವರೆಗಿನ ದಪ್ಪವಿರುವ, ವಾದಕರ ಮಾತಿನಲ್ಲಿ 'ಹತ್ತು-ನಲವತ್ತಾರು' ಎನ್ನುವ ತಂತಿಕಟ್ಟನ್ನು ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ 25.5 ಇಂಚು ಉದ್ದಕ್ಕೆ ರೂಢಿಯ ಶ್ರುತಿಯಲ್ಲಿ ಬಿಗಿದರೆ ಪ್ರತಿ ತಂತಿಯ ಎಳೆತ ಸುಮಾರು 7ರಿಂದ 9 ಕಿಲೊ, ಆರರ ಮೊತ್ತ ಸುಮಾರು 47 ಕಿಲೊ ಆಗುತ್ತದೆ. ತಂತಿಯ ಎಳೆತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಒಂದು ತಂತಿಯನ್ನು ಕತ್ತಿನ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಲೆಕ್ಕದಲ್ಲಿ ಎರಡು ಫ್ರೆಟ್‌ಗಳಷ್ಟು, ಅಂದರೆ ಒಂದು ಪೂರ್ಣ ಸ್ವರದಷ್ಟು ಇಳಿಸಿದರೆ ಅದರ ಎಳೆತದಲ್ಲಿ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಕಡಿಮೆಯಾಗುತ್ತದೆ. ಆರನೆಯ, ಎಲ್ಲಕ್ಕಿಂತ ದಪ್ಪನೆಯ ತಂತಿಯೊಂದನ್ನೇ ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸುವ 'ಡ್ರಾಪ್ ಡಿ' ಶ್ರುತಿಯಲ್ಲಿ ಸುಮಾರು 1.6 ಕಿಲೊ ಮಾಯವಾಗುತ್ತದೆ. ಒಂದು, ಎರಡು ಮತ್ತು ಆರನೆಯ ತಂತಿಗಳನ್ನು ಒಂದೊಂದು ಸ್ವರ ಇಳಿಸುವ ಡಿ-ಎ-ಡಿ-ಜಿ-ಎ-ಡಿ ಶ್ರುತಿಯಲ್ಲಿ ಈ ನಷ್ಟ 4.6 ಕಿಲೊ. ಮೂರು ತಂತಿಗಳನ್ನು ಏರಿಸಬೇಕಾದ 'ಓಪನ್ ಇ' ಶ್ರುತಿಯಲ್ಲಾದರೋ 5.4 ಕಿಲೊದಷ್ಟು ಎಳೆತ ಹೊಸದಾಗಿ ಸೇರುತ್ತದೆ.

ಎಳೆತ ಕಡಿಮೆಯಾದೊಡನೆ ಸ್ಪ್ರಿಂಗ್‌ಗಳ ಕೈ ಮೇಲಾಗಿ ಬ್ರಿಡ್ಜ್ ಹಿಂದಕ್ಕೆ ವಾಲುತ್ತದೆ, ಮುಟ್ಟದೇ ಬಿಟ್ಟ ತಂತಿಗಳೂ ಬಿಗಿಗೊಂಡು ಸ್ವರ ಏರಿಸುತ್ತವೆ. ಅವನ್ನು ಸರಿಪಡಿಸಲು ಹೊರಟರೆ ಎಳೆತ ಇನ್ನಷ್ಟು ತಗ್ಗಿ ಮೊದಲು ಇಳಿಸಿದ ತಂತಿಯೇ ಮತ್ತೆ ಏರಿರುತ್ತದೆ. ಹೀಗೆ ಆರೂ ತಂತಿಗಳನ್ನು ಹಲವು ಸುತ್ತು ಶ್ರುತಿಗೂಡಿಸಿ ಮುಗಿಸಿದ ಮೇಲೂ ಬ್ರಿಡ್ಜ್ ಮೊದಲಿನ ಕೋನದಲ್ಲಿ ಇರುವುದಿಲ್ಲವಾದ್ದರಿಂದ, ಫ್ರೆಟ್‌ಗಳಿಂದ ತಂತಿಗಳ ಎತ್ತರವೂ ಮೇಲಿನ ಫ್ರೆಟ್‌ಗಳ ಸ್ವರಶುದ್ಧಿಯೂ ಬದಲಾಗಿರುತ್ತವೆ. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ: ಬ್ರಿಡ್ಜ್ ಒಂದೇ ಅಳತೆ ಸರಿದರೂ ಆರು ತಂತಿಗಳು ಒಂದೇ ಪ್ರಮಾಣದಲ್ಲಿ ಸ್ವರ ಬದಲಿಸುವುದಿಲ್ಲ. ಸುತ್ತುತಂತಿಯಿಲ್ಲದ, ದಪ್ಪ ಒಂಟಿ ಉಕ್ಕಿನ ಮೂರನೆಯ ತಂತಿ ಎಳೆದಷ್ಟಕ್ಕೂ ಅತಿ ಹೆಚ್ಚು ಏರುತ್ತದೆ. ತೇಲುವ ಬ್ರಿಡ್ಜಿನಲ್ಲಿ ಕೆಟ್ಟ ಶ್ರುತಿ ಮೊದಲು ಕಿವಿಗೆ ಬೀಳುವುದು ಬಹುತೇಕ ಈ ಜಿ ತಂತಿಯಿಂದಲೇ.

ಇತಿಹಾಸದ ಜಾಡು

ಸರಳಿನಿಂದ ಸ್ವರ ಅಲುಗಿಸುವ ಯಂತ್ರಗಳ ಮೊದಲ ತಲೆಮಾರಿನಲ್ಲಿ ಡಾಕ್ ಕಾಫ್‌ಮನ್ ರೂಪಿಸಿದ, 1930ರ ದಶಕದಲ್ಲಿ ರಿಕನ್‌ಬ್ಯಾಕರ್ ಗಿಟಾರುಗಳಲ್ಲಿ ಬಳಕೆಗೆ ಬಂದ ವೈಬ್ರೋಲಾ ಸೇರುತ್ತದೆ. ಅದು ಶ್ರುತಿ ನಿಲ್ಲಿಸದೆ ಬೇಸರ ತರಿಸಿದ್ದರಿಂದ ವಾದಕ ಮೆರ್ಲ್ ಟ್ರಾವಿಸ್ ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿಯ ನೆರವು ಕೇಳಿದನು. ಅದರ ಫಲವೇ ಇಂದಿಗೂ ತಯಾರಾಗುತ್ತಿರುವ ಬಿಗ್ಸ್‌ಬಿ ಸಾಧನ. ಅದರ ಅಲುಗಾಟ ಕಿರಿದು, ಆದ್ದರಿಂದ ಅದು ತಂದೊಡ್ಡುವ ತೊಂದರೆಯೂ ಕಿರಿದು. ನಿಜವಾದ ತೊಡಕು ಆರಂಭವಾದದ್ದು 1954ರಲ್ಲಿ, ಲಿಯೊ ಫೆಂಡರನ ಸ್ಟ್ರಾಟೋಕ್ಯಾಸ್ಟರ್ ಬಂದಾಗ. ಆರು ತಿರುಪುಗಳ ಮೇಲೆ ಓಲಾಡುವ ತಗಡು, ಅದರ ಕೆಳಗೆ ಗಿಟಾರಿನ ಮೈಯೊಳಗೆ ಇಳಿದ ಲೋಹದ ದಿಮ್ಮಿ, ಆ ದಿಮ್ಮಿಯನ್ನು ಹಿಂದಿನಿಂದ ಎಳೆಯುವ ಐದರವರೆಗಿನ ಸ್ಪ್ರಿಂಗ್‌ಗಳು: 1956ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸವೇ ಮುಂದಿನ ಬಹುತೇಕ ಎಲ್ಲ ಟ್ರೆಮೊಲೊಗಳ ಮೂಲ. ತಗಡಿನ ಹಿಂಭಾಗ ಮೈಯಿಂದ ಸುಮಾರು 3 ಮಿಲಿಮೀಟರ್ ಮೇಲೆ ತೇಲುತ್ತಿರಬೇಕು ಎಂಬುದು ಫೆಂಡರ್ ಕಂಪನಿಯೇ ಹೇಳುವ ಅಳತೆ.

1958ರ ಜಾಝ್‌ಮಾಸ್ಟರಿನಲ್ಲಿ ಫೆಂಡರ್ ಬೇರೊಂದು ದಾರಿ ಹಿಡಿದನು. ತಂತಿಗಳು ಬ್ರಿಡ್ಜಿನ ಹಿಂದಿರುವ ಪ್ರತ್ಯೇಕ ಫಲಕಕ್ಕೆ ಬಿಗಿದಿರುತ್ತವೆ. ಆ ಫಲಕದಲ್ಲಿ ಜಾರಿಸಲು ಬರುವ ಒಂದು ಗುಂಡಿಯಿದ್ದು, ಅದನ್ನು ಸರಿಸಿದರೆ ಸ್ಪ್ರಿಂಗ್ ಫಲಕವನ್ನು ಹಿಂದಕ್ಕೆ ಎಳೆಯದಂತೆ ತಡೆ ಬೀಳುತ್ತದೆ. ನುಡಿಸುವಾಗ ಒಂದು ತಂತಿ ಹರಿದರೆ ಉಳಿದ ಐದು ಶ್ರುತಿ ತಪ್ಪಬಾರದು ಎಂಬುದು ಅದರ ಘೋಷಿತ ಉದ್ದೇಶ. ತಂತಿ ಹರಿಯುವುದೂ ತಂತಿಯನ್ನು ಇಳಿಸುವುದೂ ಸಮತೋಲದ ದೃಷ್ಟಿಯಿಂದ ಒಂದೇ ಬಗೆಯ ಘಟನೆಗಳಾದ್ದರಿಂದ ಪರ್ಯಾಯ ಶ್ರುತಿಯ ಸಮಸ್ಯೆಗೆ ಯಂತ್ರದೊಳಗೇ ಅಡಗಿದ್ದ ಮೊದಲ ಉತ್ತರ ಇದೆಂದು ಹೇಳಬಹುದು. ಮುಂದಿನ ವಿನ್ಯಾಸಕಾರರು ಈ ಪುಟ್ಟ ಗುಂಡಿಗೆ ಸಲ್ಲಬೇಕಾದ ಗಮನ ಕೊಡಲಿಲ್ಲ.

ಘರ್ಷಣೆಯನ್ನು ದೂಷಿಸುವವರು

1970ರ ದಶಕದ ಉತ್ತರಾರ್ಧದಲ್ಲಿ, ಆಭರಣ ತಯಾರಿಕೆಯ ಕೈಚಳಕವಿದ್ದ ಫ್ಲಾಯ್ಡ್ ರೋಸ್ ಎಂಬ ಅಮೆರಿಕದ ವಾದಕ, ತಂತಿಗಳು ಶ್ರುತಿ ತಪ್ಪುವುದಕ್ಕೆ ಕತ್ತಿನ ತುದಿಯ ನಟ್ ಕಾರಣವೆಂದು ಗುರುತಿಸಿದನು. ನಟ್ ಎಂದರೆ ಬಿರಡೆಗಳಿಗೆ ಹೋಗುವ ಮೊದಲು ತಂತಿಗಳು ಹಾದುಹೋಗುವ ತೋಡುಗಳಿರುವ ಪಟ್ಟಿ. ಸರಳನ್ನು ಒತ್ತಿ ಬಿಟ್ಟಾಗ ಆ ತೋಡಿನಲ್ಲಿ ತಂತಿ ಸಿಕ್ಕಿಕೊಂಡು ಪೂರ್ತಿ ಹಿಂದೆ ಬಾರದೆ ಉಳಿಯುತ್ತದೆ. ನಟ್‌ನಲ್ಲೇ ತಂತಿಯನ್ನು ತಿರುಪಿನಿಂದ ಅದುಮಿ ಬಿಗಿದುಬಿಟ್ಟರೆ ಜಾರುವ ಮಾತೇ ಇಲ್ಲ ಎಂಬುದು ಅವನ ತರ್ಕ. ಈ ಆವಿಷ್ಕಾರಕ್ಕೆ 1979ರಲ್ಲಿ ಪೇಟೆಂಟ್ ದೊರೆಯಿತು. ಆರು ತಿರುಪುಗಳ ಬದಲು ಎರಡು ಗೂಟಗಳಿಗೆ ಚಾಕುವಿನಂತೆ ಚೂಪಾದ ಅಂಚುಗಳನ್ನು ಆನಿಸಿ ನಿಲ್ಲುವ ಬ್ರಿಡ್ಜ್ ಕೀಲಿನ ಘರ್ಷಣೆಯನ್ನೂ ಕಡಿಮೆ ಮಾಡಿತು, ನಟ್ ಬಿಗಿದ ಮೇಲೆ ಬಿರಡೆಗಳು ನಿರುಪಯೋಗಿಯಾಗುವುದರಿಂದ ಬ್ರಿಡ್ಜಿನ ಮೇಲೆಯೇ ಸೂಕ್ಷ್ಮ ಶ್ರುತಿಗಾಗಿ ಸಣ್ಣ ತಿರುಪುಗಳು ಬಂದವು.

ಘರ್ಷಣೆಯೇ ಮೂಲವೆಂದು ನಂಬುವ ಈ ಪಕ್ಷ ತಂತಿಯನ್ನು ಬಿಗಿಯುವವರಿಂದಷ್ಟೇ ಕೂಡಿಲ್ಲ. ಇಂಗ್ಲೆಂಡಿನ ಬ್ರಯನ್ ಮೇ ಹದಿಹರೆಯದಲ್ಲಿ ತಂದೆಯೊಡನೆ ಮನೆಯಲ್ಲೇ ಕಟ್ಟಿದ ಗಿಟಾರಿನಲ್ಲಿ ಹಳೆಯ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್‌ಗಳನ್ನೂ ಚಾಕುವಿನ ಅಂಚಿನ ಕೀಲನ್ನೂ ತಂತಿ ಉರುಳಿ ಸಾಗುವ ರೋಲರ್‌ಗಳನ್ನೂ ಬಳಸಿದ್ದನು. ವಾದಕ ಜೆಫ್ ಬೆಕ್ ಹೆಸರಿನ ಸ್ಟ್ರಾಟೋಕ್ಯಾಸ್ಟರಿಗೆ ರೋಲರ್ ನಟ್ ಬಂತು. ಬಿರಡೆಯೊಳಗೇ ತಂತಿಯನ್ನು ಕಚ್ಚಿ ಹಿಡಿಯುವ ಲಾಕಿಂಗ್ ಟ್ಯೂನರ್, ಗ್ರಾಫೈಟ್ ನಟ್ ಮೊದಲಾದವು ತಂತಿಯನ್ನು ಬಿಗಿಯದೆ ಸರಾಗವಾಗಿ ಜಾರಿಸುವ ಉಪಾಯಗಳು. ಮರಳುವ ಸ್ಥಿರತೆಯ ಮಟ್ಟಿಗೆ ಈ ಪಕ್ಷ ಗೆದ್ದಿದೆ ಎನ್ನಲು ಅಡ್ಡಿಯಿಲ್ಲ. ಆದರೆ ಶ್ರುತಿ ಬದಲಿಸುವ ವಾದಕನ ಪಾಲಿಗೆ ಅದರ ಎರಡು ಕವಲುಗಳು ಒಂದೇ ಆಗಿಲ್ಲ. ನಟ್ ಬಿಗಿದ ವಾದ್ಯದಲ್ಲಿ ಸೂಕ್ಷ್ಮ ತಿರುಪುಗಳ ವ್ಯಾಪ್ತಿ ಮೀರಿದ ಯಾವ ಬದಲಾವಣೆಗೂ ಅಲೆನ್ ಕೀ ಹಿಡಿದು ನಟ್ ಸಡಿಲಿಸಿ, ಶ್ರುತಿಗೂಡಿಸಿ, ಮತ್ತೆ ಬಿಗಿಯಬೇಕು. ಬಿಗಿಯುವಾಗಲೂ ಸ್ವರ ತುಸು ಏರುತ್ತದೆ. ಮೊದಲ ಸಮಸ್ಯೆಯನ್ನು ಇಷ್ಟು ಚೆನ್ನಾಗಿ ಬಗೆಹರಿಸಿದ ಸಾಧನವೇ ಎರಡನೆಯದನ್ನು ಹಿಂದೆಂದಿಗಿಂತ ಕಠಿಣಗೊಳಿಸಿತು.

ತಡೆಯೊಡ್ಡುವವರು

ಎರಡನೆಯ ಪಕ್ಷದ ಮಾತು ನೇರವಾದದ್ದು: ತೇಲುವಿಕೆಯೇ ತೊಂದರೆಯ ಮೂಲವಾದರೆ ಅದಕ್ಕೆ ಎಲ್ಲಾದರೊಂದು ಕಡೆ ತಡೆ ಇರಲಿ. ಇದರ ಕೊನೆಯ ತುದಿಯಲ್ಲಿ ಎರಿಕ್ ಕ್ಲ್ಯಾಪ್ಟನ್ ಇದ್ದಾನೆ. ಅವನ ಸ್ಟ್ರಾಟೋಕ್ಯಾಸ್ಟರಿನ ದಿಮ್ಮಿಗೆ ಮರದ ತುಂಡನ್ನು ಒತ್ತಿಟ್ಟು, ಐದೂ ಸ್ಪ್ರಿಂಗ್ ಬಿಗಿದು, ಟ್ರೆಮೊಲೊವನ್ನು ಸ್ಥಿರ ಬ್ರಿಡ್ಜ್ ಆಗಿಸಲಾಗಿದೆ. ಶ್ರುತಿ ಬದಲಾವಣೆಯ ಸಮಸ್ಯೆ ಅಲ್ಲಿಗೆ ಮುಗಿಯಿತು, ಟ್ರೆಮೊಲೊವೂ ಮುಗಿಯಿತು.

ಹೆಚ್ಚು ಕುತೂಹಲಕರವಾದದ್ದು ಒಂದೇ ದಿಕ್ಕಿನ ತಡೆ. ತಂತಿಗಳನ್ನು ಇಳಿಸಿದಾಗ ಬ್ರಿಡ್ಜ್ ವಾಲುವುದು ಹಿಂದಕ್ಕೆ ಮಾತ್ರ. ಆದ್ದರಿಂದ ಹಿಂದಕ್ಕೆ ಹೋಗದಂತೆ ತಡೆದರೆ ಸಾಕು, ಸರಳನ್ನು ಒತ್ತುವ ಸ್ವಾತಂತ್ರ್ಯ ಉಳಿಯುತ್ತದೆ. ಎಡ್ಡಿ ವ್ಯಾನ್ ಹೇಲನ್ ಬಳಕೆಗೆ ತಂದ ಡಿ-ಟ್ಯೂನಾ ಎಂಬ ಪುಟ್ಟ ಲೋಹದ ಕೊಳವೆ, ಫ್ಲಾಯ್ಡ್ ರೋಸ್ ಬ್ರಿಡ್ಜಿನ ಆರನೆಯ ತಂತಿಯ ತಿರುಪಿಗೆ ಜೋಡಣೆಗೊಂಡು, ಎಳೆದಾಗ ಇ ಸ್ವರವನ್ನು ಡಿ ಸ್ವರಕ್ಕೆ ಇಳಿಸುತ್ತದೆ, ತಳ್ಳಿದಾಗ ಮರಳಿಸುತ್ತದೆ. ನಟ್ ಬಿಚ್ಚುವ ಅಗತ್ಯವೇ ಇಲ್ಲ. ಆದರೆ ಅದು ಕೆಲಸ ಮಾಡುವುದು ಬ್ರಿಡ್ಜ್ ಗಿಟಾರಿನ ಮೈಗೆ ಒರಗಿದ್ದಾಗ ಮಾತ್ರ, ವ್ಯಾನ್ ಹೇಲನ್ ತನ್ನ ಬ್ರಿಡ್ಜನ್ನು ಹಾಗೆಯೇ ಇಟ್ಟುಕೊಂಡಿದ್ದನು. ತೇಲುವ ಬ್ರಿಡ್ಜಿಗೆ ಇದನ್ನು ಹಾಕಿ ನಿರಾಶರಾದವರು ಸಾಧನವನ್ನು ದೂರುವುದುಂಟು, ದೋಷ ಸಾಧನದ್ದಲ್ಲ. ಸ್ಪ್ರಿಂಗ್‌ಗಳು ಸಿಕ್ಕಿಕೊಳ್ಳುವ ಪಂಜವನ್ನೇ ಬದಲಿಸುವ ಟ್ರೆಮೊಲ್-ನೋ ಎಂಬ ಸಾಧನದಲ್ಲಿ ಕೈಯಿಂದ ತಿರುಗಿಸುವ ತಿರುಪುಗಳ ಮೂಲಕ ಪೂರ್ಣ ತೇಲುವಿಕೆ, ಇಳಿಕೆ ಮಾತ್ರ, ಪೂರ್ಣ ಬಂಧನ ಎಂಬ ಮೂರು ಸ್ಥಿತಿಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು.

ಈ ಪಕ್ಷದ ಸಾಹಿತ್ಯದಲ್ಲಿ ಸ್ಪಷ್ಟವಾಗಿ ಹೇಳದೆ ಬಿಡುವ ಒಂದು ನಿಯಮವಿದೆ. ಏಕದಿಕ್ಕಿನ ತಡೆ ಎಳೆತ ಇಳಿಸುವ ಶ್ರುತಿಗಳಿಗಷ್ಟೇ ಒದಗುತ್ತದೆ, ಓಪನ್ ಇ ಯಂಥ ಏರಿಸುವ ಶ್ರುತಿಗಳಲ್ಲಿ ಬ್ರಿಡ್ಜ್ ಮುಂದಕ್ಕೆ ವಾಲುವುದರಿಂದ ಹಿಂದಿನ ತಡೆ ವ್ಯರ್ಥ. ಇದಕ್ಕಿರುವ ದಾರಿಯೆಂದರೆ ವಾದಕನು ಬಳಸುವ ಶ್ರುತಿಗಳಲ್ಲಿ ಅತಿ ಹೆಚ್ಚು ಎಳೆತದ್ದು ಯಾವುದೋ ಅದಕ್ಕೆ ಸ್ಪ್ರಿಂಗ್‌ಗಳನ್ನು ಹೊಂದಿಸಿ, ಅಲ್ಲಿ ತಡೆ ಇಟ್ಟು, ಉಳಿದೆಲ್ಲವನ್ನೂ ಅದರಿಂದ ಕೆಳಕ್ಕೆ ಇಳಿಸಿಕೊಳ್ಳುವುದು. ಹಾಗೆ ಮಾಡಿದಾಗ ಸಡಿಲ ಶ್ರುತಿಗಳಲ್ಲಿ ಸ್ಪ್ರಿಂಗ್‌ಗಳಿಗೆ ಉಳಿಯುವ ಹೆಚ್ಚುವರಿ ಬಲ ಬ್ರಿಡ್ಜನ್ನು ತಡೆಗೆ ಒತ್ತಿ ಹಿಡಿದಿರುತ್ತದೆ. ಆ ಬಲವನ್ನು ಮೀರುವವರೆಗೆ ಸರಳು ಅಲುಗುವುದೇ ಇಲ್ಲ. ಮೃದುವಾದ ಕಂಪನಕ್ಕಾಗಿ ಸರಳನ್ನು ಹಿಡಿಯುವವನಿಗೆ ಇದು ಸಣ್ಣ ಬೆಲೆಯಲ್ಲ.

ತೇಲುವಿಕೆಗೂ ತಡೆಗೂ ನಡುವಿನ ಸಂಧಾನವಾಗಿ ಬಂದವು ಹಿಪ್‌ಶಾಟ್ ಕಂಪನಿಯ ಟ್ರೆಮ್‌ಸೆಟರ್, ಐಬನೀಸ್ ಕಂಪನಿಯ ಝೀರೋ ಪಾಯಿಂಟ್ ವ್ಯವಸ್ಥೆ ಮುಂತಾದವು. ಇವುಗಳಲ್ಲಿ ಮೊದಲೇ ಬಿಗಿದಿಟ್ಟ ಹೆಚ್ಚುವರಿ ಸ್ಪ್ರಿಂಗ್ ಬ್ರಿಡ್ಜನ್ನು ನಡುಬಿಂದುವಿನಲ್ಲಿ ಹಿಡಿದಿಡುತ್ತದೆ. ಎರಡೂ ಕಡೆಗೆ ಸರಳನ್ನು ಆಡಿಸಬಹುದು, ಬಿಟ್ಟಾಗ ಅದೇ ಬಿಂದುವಿಗೆ ಬಂದು ಕೂರುತ್ತದೆ. ಎಳೆತದ ಏರುಪೇರು ಆ ಬಿಗಿತಕ್ಕಿಂತ ಕಡಿಮೆಯಿರುವವರೆಗೆ ಮಾತ್ರ ಈ ಹಿಡಿತ ಉಳಿಯುವುದರಿಂದ, ಡ್ರಾಪ್ ಡಿ ಯಂಥ ಸಣ್ಣ ಬದಲಾವಣೆಗೆ ಇವು ಒದಗುವಷ್ಟು ಡಿ-ಎ-ಡಿ-ಜಿ-ಎ-ಡಿ ಯಂಥ ದೊಡ್ಡದಕ್ಕೆ ಒದಗುವುದಿಲ್ಲ. ನಡುಬಿಂದುವನ್ನು ದಾಟುವಾಗ ಕೈಗೆ ಒಂದು ತೊಡರು ತಾಗುತ್ತದೆ. ಸರಳನ್ನು ಬೆರಳಿನಿಂದ ಚಿಮ್ಮಿ ಸ್ವರವನ್ನು ನಡುಗಿಸುವ ತಂತ್ರವೂ ಇಲ್ಲಿ ಕೈತಪ್ಪುತ್ತದೆ.

ಎಳೆತವನ್ನೇ ಸರಿದೂಗಿಸುವವರು

ಮೂರನೆಯ ಪಕ್ಷ ಯಂತ್ರವನ್ನು ಮುಟ್ಟುವುದಿಲ್ಲ, ತಂತಿಯನ್ನು ಬದಲಿಸುತ್ತದೆ. ಇಳಿಸಿದ ತಂತಿ ದಪ್ಪವಾಗಿದ್ದರೆ ಅದೇ ಎಳೆತವನ್ನು ಉಳಿಸಿಕೊಳ್ಳಬಹುದು. ಆರನೆಯ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ ಎಳೆತವನ್ನು ಹಾಗೆಯೇ ಇಡಬೇಕಾದರೆ ಅದರ ದಪ್ಪ ನಲವತ್ತಾರರಿಂದ ಸುಮಾರು ಐವತ್ತೆರಡಕ್ಕೆ ಏರಬೇಕು ಎಂದು ಲೆಕ್ಕ ಹೇಳುತ್ತದೆ. ಅಂಗಡಿಗಳಲ್ಲಿ ಸಿಗುವ 'ಹತ್ತು-ಐವತ್ತೆರಡು' ಕಟ್ಟಿನ ಆರನೆಯ ತಂತಿಯ ದಪ್ಪ ಇದೇ. ಒಂದು ವಾದ್ಯವನ್ನು ಒಂದೇ ಪರ್ಯಾಯ ಶ್ರುತಿಗೆ ಮೀಸಲಿಡುವವರಿಗೆ ಇದಕ್ಕಿಂತ ಶುದ್ಧವಾದ ಪರಿಹಾರವಿಲ್ಲ. ಬ್ರಿಡ್ಜಿನ ಕೋನ, ಕತ್ತಿನ ಬಾಗು, ಸರಳಿನ ಮೃದುತ್ವ ಎಲ್ಲವೂ ಉಳಿಯುತ್ತವೆ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸುವ ವಾದಕ ಜಿಮಿ ಹೆಂಡ್ರಿಕ್ಸನ ಪದ್ಧತಿಯಲ್ಲಿ ಮಾಯವಾಗುವ ಎಳೆತ ಸುಮಾರು 5 ಕಿಲೊ, ಅಂದರೆ ಡಿ-ಎ-ಡಿ-ಜಿ-ಎ-ಡಿ ಶ್ರುತಿಗಿಂತ ಹೆಚ್ಚು. ಆದರೂ ಅದು ಸಮಸ್ಯೆಯೆನಿಸುವುದಿಲ್ಲ, ಏಕೆಂದರೆ ವಾದಕ ಅಲ್ಲಿಯೇ ನೆಲೆ ನಿಂತಿರುತ್ತಾನೆ, ಸ್ಪ್ರಿಂಗ್‌ಗಳನ್ನು ಒಮ್ಮೆ ಸಡಿಲಿಸಿದರೆ ಸಾಕು.

ಶ್ರುತಿಗೂಡಿಸುವ ಕ್ರಮವನ್ನು ಹಗುರಗೊಳಿಸಲು ರಿಪೇರಿಗಾರರು ಕೈಗೊಳ್ಳುವ ಉಪಾಯವೂ ಈ ಪಕ್ಷಕ್ಕೇ ಸೇರಿದ್ದು. ಬ್ರಿಡ್ಜಿನ ಕೆಳಗೆ 9 ವೋಲ್ಟಿನ ಬ್ಯಾಟರಿಯನ್ನೋ ಮರದ ಬೆಣೆಯನ್ನೋ ಸಿಕ್ಕಿಸಿ ಅದನ್ನು ಬೇಕಾದ ಕೋನದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಹೊಸ ಶ್ರುತಿಗೆ ಆರೂ ತಂತಿಗಳನ್ನು ತಂದ ಮೇಲೆ, ಬೆಣೆ ತಾನಾಗಿ ಸಡಿಲವಾಗುವವರೆಗೆ ಹಿಂದಿನ ಪಂಜದ ತಿರುಪುಗಳನ್ನು ಹೊಂದಿಸುವುದು ಆ ಉಪಾಯ. ಅಗ್ಗದ್ದು, ನಿಖರವಾದದ್ದು, ಆದರೆ ಎರಡು ಹಾಡುಗಳ ನಡುವೆ ವೇದಿಕೆಯ ಮೇಲೆ ಮಾಡುವಂಥದ್ದಲ್ಲ.

ಸ್ಪ್ರಿಂಗ್‌ಗಳ ಸಂಖ್ಯೆಯ ವಿವಾದವೂ ಇಲ್ಲಿಯೇ ಬರುತ್ತದೆ. ಒಂದೇ ಒಟ್ಟು ಬಲವನ್ನು ಹೆಚ್ಚು ಎಳೆದ ಮೂರು ಸ್ಪ್ರಿಂಗ್‌ಗಳಿಂದಲೂ ಕಡಿಮೆ ಎಳೆದ ಐದರಿಂದಲೂ ಪಡೆಯಬಹುದು. ಐದಿದ್ದಾಗ ವ್ಯವಸ್ಥೆಯ ಪೆಡಸುತನ ಹೆಚ್ಚುವುದರಿಂದ ಒಂದು ತಂತಿಯ ಎಳೆತ ಬದಲಾದರೆ ಬ್ರಿಡ್ಜ್ ಕಡಿಮೆ ಸರಿಯುತ್ತದೆ. ಆದರೆ ತಂತಿಗಳೂ ಸ್ವತಃ ಪೆಡಸಾದ ಸ್ಪ್ರಿಂಗ್‌ಗಳೇ ಆಗಿರುವುದರಿಂದ ಈ ಲಾಭಕ್ಕೆ ಮಿತಿಯಿದೆ: ಸರಿಯುವಿಕೆ ತಗ್ಗೀತು, ನಿಲ್ಲದು. ಬದಲಿಗೆ ಸರಳು ಕೈಗೆ ಗಡುಸಾಗುತ್ತದೆ.

ಪ್ರಶ್ನೆಯನ್ನೇ ಪಕ್ಕಕ್ಕಿಟ್ಟವರು

ಶ್ರುತಿಗೊಂದು ಗಿಟಾರ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಹಳೆಯ ಮತ್ತು ದುಬಾರಿಯಾದ ದಾರಿ. ನ್ಯೂಯಾರ್ಕಿನ ಸಾನಿಕ್ ಯೂತ್ ತಂಡ ಜಾಝ್‌ಮಾಸ್ಟರ್ ಸೇರಿದಂತೆ ಹತ್ತಾರು ಗಿಟಾರುಗಳನ್ನು ಒಂದೊಂದು ವಿಚಿತ್ರ ಶ್ರುತಿಗೆ ಮೀಸಲಿಟ್ಟಿತ್ತು. 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವುಗಳನ್ನು ಹೊತ್ತ ವಾಹನ ಕಳವಾದಾಗ ವಾದ್ಯಗಳೊಂದಿಗೆ ಆ ಶ್ರುತಿಗಳಲ್ಲಿ ಕಟ್ಟಿದ ಹಾಡುಗಳನ್ನು ನುಡಿಸುವ ಅನುಕೂಲವೂ ಹೋಯಿತು. ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್ ಪರ್ಯಾಯ ಶ್ರುತಿಯಲ್ಲಿದ್ದ ಜಾಝ್‌ಮಾಸ್ಟರಿನ ಸರಳನ್ನು ಕೈಯಲ್ಲಿ ಹಿಡಿದೇ ಮೀಟುತ್ತ, ಅಲುಗುವ ಶ್ರುತಿಯನ್ನೇ 1991ರ 'ಲವ್‌ಲೆಸ್' ಸಂಪುಟದ ನಾದವಾಗಿಸಿದನು. ಸ್ಥಿರತೆಯನ್ನು ಪರಮ ಗುರಿಯೆಂದು ಒಪ್ಪಿಕೊಂಡ ಉಳಿದೆಲ್ಲ ಪಕ್ಷಗಳಿಗೆ ಈ ಸಂಗೀತ ಒಂದು ಆಕ್ಷೇಪಣೆಯಂತಿದೆ.

ನೆಡ್ ಸ್ಟೈನ್‌ಬರ್ಗರನ ಟ್ರಾನ್ಸ್‌ಟ್ರೆಮ್ 1980ರ ದಶಕದ ಅಪರೂಪದ ಸಾಧನೆ. ಪ್ರತಿ ತಂತಿಗೂ ಬೇರೆಬೇರೆ ಪ್ರಮಾಣದ ಚಲನೆ ಕೊಟ್ಟು, ಸರಳನ್ನು ಒತ್ತಿದಾಗ ಆರೂ ತಂತಿಗಳು ಸಮನಾಗಿ ಇಳಿಯುವಂತೆಯೂ, ಕೆಲವು ನಿಗದಿತ ಸ್ಥಾನಗಳಲ್ಲಿ ಬ್ರಿಡ್ಜನ್ನು ನಿಲ್ಲಿಸಬರುವಂತೆಯೂ ಅದು ರೂಪುಗೊಂಡಿತ್ತು. ವ್ಯಾನ್ ಹೇಲನ್ ತಂಡದ 1986ರ '5150' ಸಂಪುಟದಲ್ಲಿ ಅದರ ಬಳಕೆಯಿದೆ. ವಿಶೇಷವಾಗಿ ತಯಾರಿಸಿದ ತಂತಿಗಳೇ ಬೇಕಾದದ್ದು ಅದರ ಪ್ರಸಾರಕ್ಕೆ ಅಡ್ಡಿಯಾಯಿತು; ಮೇಲಾಗಿ ಅದು ಇಡೀ ಶ್ರುತಿಯನ್ನು ಏರಿಸಿ ಇಳಿಸುತ್ತದೆಯೇ ಹೊರತು ತಂತಿಗಳ ನಡುವಿನ ಅಂತರವನ್ನು ಬದಲಿಸುವುದಿಲ್ಲ.

ವಿದ್ಯುನ್ಮಾನದ ದಾರಿ ಇನ್ನೂ ಸರಳ: ತಂತಿಗಳು ರೂಢಿಯ ಶ್ರುತಿಯಲ್ಲೇ ಇರಲಿ, ಹೊರಬರುವ ಸ್ವರವನ್ನು ಸಂಸ್ಕಾರಕ ಬದಲಿಸಲಿ. ಹತ್ತಾರು ಶ್ರುತಿಗಳಲ್ಲಿ ಹಾಡು ಕಟ್ಟಿದ ಜೋನಿ ಮಿಚೆಲ್ 1990ರ ದಶಕದ ನಡುವಿನಲ್ಲಿ ರೋಲಂಡ್ ಕಂಪನಿಯ ವಿಜಿ-8 ಸಾಧನವನ್ನು ಇದಕ್ಕಾಗಿಯೇ ಬಳಸತೊಡಗಿದಳು. ಎಳೆತ ಬದಲಾಗದಿರುವುದರಿಂದ ತೇಲುವ ಬ್ರಿಡ್ಜಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ವಾದಕನ ಕಿವಿಗೆ ವಾದ್ಯದಿಂದಲೇ ನೇರವಾಗಿ ಬೀಳುವ ತಂತಿಯ ನಾದ ಒಂದು ಶ್ರುತಿಯಲ್ಲೂ ಸ್ಪೀಕರಿನದು ಇನ್ನೊಂದರಲ್ಲೂ ಇರುತ್ತವೆ.

ಇತ್ಯರ್ಥವಾಗದೆ ಉಳಿದವು

ದಿಮ್ಮಿಯ ಲೋಹ, ತೂಕ ಮತ್ತು ಪೊಟರೆಯಲ್ಲಿ ಜೋಡಿಸುವ ತಡೆ-ಸಾಧನಗಳು ನಾದದ ಗುಣವನ್ನು ಬದಲಿಸುತ್ತವೆಯೇ ಎಂಬುದರಲ್ಲಿ ಒಮ್ಮತವಿಲ್ಲ. ಹಿತ್ತಾಳೆ, ಟೈಟೇನಿಯಂ, ಟಂಗ್‌ಸ್ಟನ್ ದಿಮ್ಮಿಗಳ ಮಾರಾಟವಂತೂ ಆ ಒಮ್ಮತಕ್ಕಾಗಿ ಕಾದಿಲ್ಲ. ಚಾಕು ಅಂಚು ಸವೆದು ಮರಳುವ ಸ್ಥಿರತೆ ಕುಂದುವುದನ್ನು ಬಾಲ್ ಬೇರಿಂಗ್ ಕೀಲು ನಿವಾರಿಸುತ್ತದೆ ಎಂಬ ವಾದಕ್ಕೆ, ಬೇರಿಂಗ್ ಸ್ಪರ್ಶವನ್ನು ಮಂದಗೊಳಿಸುತ್ತದೆ ಎಂಬ ಪ್ರತಿವಾದ ಇದ್ದೇ ಇದೆ.

ಇವಕ್ಕಿಂತ ಮೂಲಭೂತವಾದದ್ದು, ನಿಜವಾಗಿ ತೇಲುತ್ತಲೇ ಎಳೆತದ ಬದಲಾವಣೆಯನ್ನು ತಾನೇ ಸರಿದೂಗಿಸಿಕೊಳ್ಳುವ ಬ್ರಿಡ್ಜ್ ಸಾಧ್ಯವೇ ಎಂಬುದು. ಪ್ರತಿ ತಂತಿಯನ್ನು ಸ್ಪ್ರಿಂಗ್ ಮತ್ತು ಸನ್ನೆಯ ಮೂಲಕ ಒಂದೇ ಎಳೆತದಲ್ಲಿ ಹಿಡಿದಿಡುವ ಎವರ್‌ಟ್ಯೂನ್ ಬ್ರಿಡ್ಜ್ ಸರಳಿಲ್ಲದ ಸ್ಥಿರ ಬ್ರಿಡ್ಜ್ ಆಗಿ ನೆಲೆಯೂರಿತು. ಜಿಮ್ಮಿ ಪೇಜ್ ವೇದಿಕೆಯ ಮೇಲೆ ಬಳಸಿದ ಟ್ರಾನ್ಸ್‌ಪರ್ಫಾರ್ಮೆನ್ಸ್ ವ್ಯವಸ್ಥೆ ಮತ್ತು 2007ರ ಗಿಬ್ಸನ್ ರೋಬೋಟ್ ಗಿಟಾರ್ ಮೋಟಾರುಗಳಿಂದ ತಂತಿಗಳನ್ನು ಶ್ರುತಿಗೂಡಿಸಿದವು, ಎರಡೂ ಸ್ಥಿರ ಬ್ರಿಡ್ಜಿನ ವಾದ್ಯಗಳೇ. ತೇಲುವ ಬ್ರಿಡ್ಜಿನಲ್ಲಿ ಇದೇ ಕೆಲಸ ಮಾಡಬೇಕಾದರೆ ಆರು ತಂತಿಗಳೊಂದಿಗೆ ಸ್ಪ್ರಿಂಗ್‌ಗಳ ಪಂಜವನ್ನೂ ಮೋಟಾರು ಏಕಕಾಲದಲ್ಲಿ ಸರಿಸಬೇಕು. ಅದಕ್ಕೂ ಮೊದಲು, ಬ್ರಿಡ್ಜ್ ಸರಿದದ್ದು ಶ್ರುತಿ ಬದಲಾದುದರಿಂದಲೋ, ವಾದಕ ಬೇಕೆಂದೇ ಸರಳನ್ನು ಒತ್ತಿದುದರಿಂದಲೋ, ಬೆರಳಿನಿಂದ ತಂತಿಯನ್ನು ಬಾಗಿಸಿದುದರಿಂದಲೋ ಎಂಬುದನ್ನು ಅದು ತಿಳಿಯಬೇಕು. ಈ ಮೂರೂ ಸಂದರ್ಭಗಳಲ್ಲಿ ಸ್ಪ್ರಿಂಗ್‌ಗಳಿಗೆ ತಲುಪುವುದು ಒಂದೇ ಬಗೆಯ ಚಲನೆ.